ಇಪ್ಪತ್ತನೇ ಹೆಸರು

ಗುರುಸಿದ್ದಯ್ಯ ಮಾಸ್ತರು ಬ್ರೆಡ್ಡಿನ ತುಂಡು ಚಾದಾಗ ಅದ್ದಿ ಇನ್ನೇನು ಬಾಯಿಗೆ ಇಡಬೇಕು, ಗ್ಯಾರೇಜಿನ ಗೌಸಸಾಬ ಬಂದು ಬಾಗಲದಾಗ ನಿಂತ. ಕೈಗೆ ಹತ್ತಿದ ಆಯಿಲ್ ಸೈತ ತೊಳಕೊಂಡಿರಲಿಲ್ಲ.

"ಮಾಸ್ತರ್, ನಮ್ಮ ಆರ್ಜೂಗ ಕಾಲೇಜಿನ್ಯಾಗ ಹೊಡದಾರ್ರಿ. ಕಿವ್ಯಾಗಿಂದ ರಕ್ತ ಬಂತ್ರಿ."

ಬ್ರೆಡ್ಡು ಮುರದು ಕಪ್ಪಿನ್ಯಾಗ ಬಿತ್ತು. "ಹೊಡದಾರ? ಬೆಳದ ಹುಡುಗಿಗೆ? ಯಾವ ಭಾಡ್ಯಾ ಅಂವಾ?" ಅಂದ್ರು ಮಾಸ್ತರು. ಹಣಿಮ್ಯಾಲ ಮೂರು ಬೆರಳ ವಿಭೂತಿ, ಈಗಷ್ಟ ಸಂಜಿ ಲಿಂಗಪೂಜಿ ಮುಗಿಸಿ ಎದ್ದ ಮನುಷ್ಯಾ. ಅಂಥವರ ಬಾಯಾಗ ಇಂಥಾ ಮಾತು ಕೇಳಿ ಹೆಂಡತಿ ಮುರಿಗೆವ್ವ ಅಡಗಿಮನಿಯಿಂದ ಸೌಟು ಹಿಡಕೊಂಡ ಓಡಿ ಬಂದ್ಲು.

ನಡದದ್ದು ಇಷ್ಟು. ರಾಯಾಪುರದ ಕಡೆ ಒಂದು ಖಾಸಗಿ ಪಿಯು ಕಾಲೇಜು ಐತಿ, ಹೆಸರು ಬ್ಯಾಡ. ವರ್ಷಾ ವರ್ಷಾ ನೂರಕ್ಕ ನೂರು ರಿಸಲ್ಟು ಅಂತ ರಸ್ತಾದ ಮ್ಯಾಲ ದೊಡ್ಡ ಬೋರ್ಡು ಹಾಕತೈತಿ. ಆ ನೂರು ಎಲ್ಲಿಂದ ಬರತೈತಿ ಅನ್ನೂದು ಆವತ್ತು ಹೊರಗ ಬಿತ್ತು. ಕಾಲೇಜು ಸುರು ಆಗಿ ಮೂರನೇ ದಿನ, ಜೂನ್ ನಾಕನೇ ತಾರೀಖು, ಅಲ್ಲಿ ಆಡಳಿತ ನೋಡೂ ಅಮರೇಶ ಅನ್ನಾಂವ ಸೆಕೆಂಡ್ ಪಿಯು ಕ್ಲಾಸಿಗೆ ಬಂದಾನ. ಹಿಂದಿನ ವರ್ಷ ಅರವತ್ತಕ್ಕಿಂತ ಕಡಿಮಿ ಮಾರ್ಕ್ಸ್ ಬಿದ್ದವರ ಹೆಸರು ಓದ್ಯಾನ. "ನೀವು ನಮ್ಮ ಕಾಲೇಜಿನ ಹುಡುಗರಲ್ಲ. ಹೊರಗಿನಿಂದ ಪರೀಕ್ಷಾ ಕಟ್ಟಗೋರಿ" ಅಂದಾನ. ಆರ್ಜೂ ಹೆಸರು ಆ ಯಾದ್ಯಾಗ ಇರಲೇ ಇಲ್ಲ, ಆಕಿಗೆ ಎಂಬತ್ತೆರಡು ಬಿದ್ದಿತ್ತು. ಆದ್ರ ಬಾಜೂಕ ಕುಂತ ಗೆಳತಿ ಬಿಕ್ಕಿ ಬಿಕ್ಕಿ ಅಳಾಕತ್ತಿದ್ಲು. ಆರ್ಜೂ ಎದ್ದು ನಿಂತು, "ಸರ್, ಇದು ಯಾವ ಕಾನೂನಿನ್ಯಾಗ ಐತ್ರಿ?" ಅಂತ ಕೇಳಿದ್ಲು. ಅಷ್ಟ ಕೇಳಿದ್ದು. ಅಮರೇಶ ಬೆಂಚಿನ ಹಂತ್ಯಾಕ ಬಂದು, ಅಂಗೈ ಅಗಲ ಮಾಡಿ ಆಕಿ ಎಡಗಿವಿ ಮ್ಯಾಲ ಬಾರಿಸಿದ. "ಇದು ನನ್ನ ಕಾನೂನು" ಅಂದನಂತ.

ಮಾಸ್ತರು ಚಾದ ಕಪ್ಪು ಆಚಿ ಸರಿಸಿದ್ರು. ಅವರೂ ಬೆತ್ತ ಹಿಡದವರ, ಇಲ್ಲ ಅನ್ನಂಗಿಲ್ಲ. ಆದ್ರ ಪ್ರಶ್ನಾ ಕೇಳಿದ್ದಕ್ಕ ಹೆಣ್ಣ ಹುಡುಗಿ ಕಿವಿ ಹರಿಯೂ ಹಂಗ ಹೊಡೆಯೂದು ಅಂದ್ರ! ಅದೂ ಆರ್ಜೂಗ!

ಆಕಿ ಬರೇ ಒಬ್ಬಾಕಿ ಹಳೇ ವಿದ್ಯಾರ್ಥಿನಿ ಆಗಿರಲಿಲ್ಲ. ಉಣಕಲ್ಲಿನ ಹಳೇ ಊರಾಗ ಮಾಸ್ತರು ಹೆಡ್ ಮಾಸ್ತರಿದ್ದ ಒಂದು ಸಣ್ಣ ಸರ್ಕಾರಿ ಸಾಲಿ ಇತ್ತು. ಅದರ ಗ್ವಾಡಿಗೆ ಹತ್ತಿಕೊಂಡ ಗೌಸಸಾಬನ ಗ್ಯಾರೇಜು. ಆರ್ಜೂ ಅಲ್ಲೇ ಅಕ್ಷರ ಕಲತಾಕಿ. ಹತ್ತನೇತ್ತೆ ಪಾಸಾದ ವರ್ಷ ತಾಯಿ ಶಹಜಹಾನಬೇಗಂ ಹಾಸಿಗಿ ಹಿಡದ್ಲು ಅಂತ ಹುಡುಗಿ ಒಂದು ವರ್ಷ ಓದು ಬಿಟ್ಟು ಮನ್ಯಾಗ ಕುಂತ್ಲು. ಕುಂತ್ಲು ಅಂದ್ರ ಎಲ್ಲಿ ಕುಂತ್ಲು, ತಾಯಿಗೆ ಔಷಧ ಕೊಟ್ಟು ಅಪ್ಪನ ಗ್ಯಾರೇಜಿಗೆ ಓಡಿ ಬರತಿದ್ಲು. ಇಂಜಿನ್ ಚಾಲೂ ಮಾಡಿ, ಉದ್ದನ್ನ ಸ್ಕ್ರೂಡ್ರೈವರಿನ ತುದಿ ಅದರ ಮ್ಯಾಲ ಇಟ್ಟು, ಹಿಡಿಕಿಗೆ ಎಡಗಿವಿ ಹಚ್ಚಿ ಕಣ್ಣು ಮುಚ್ಚತಿದ್ಲು. ಯಾವ ಬೇರಿಂಗ್ ಸವದೈತಿ, ಯಾವ ವಾಲ್ವ್ ಸಡ್ಲ ಆಗೈತಿ, ಬಿಚ್ಚದನ ಹೇಳತಿದ್ಲು. ಮೂವತ್ತು ವರ್ಷ ಪಾನಾ ಹಿಡದ ಗೌಸಸಾಬಗ ಸೈತ ಅದು ಅಷ್ಟು ಬರತಿದ್ದಿಲ್ಲ. "ನಾ ರೈಲ್ವೆ ಇಂಜಿನ್ ನಡಸಾಕಿ ಸರ್, ಧಾರವಾಡಕ್ಕ ನಿಮಗ ಪುಕಟ ಕರಕೊಂಡು ಹೋಗ್ತೇನಿ" ಅಂತಿದ್ಲು. ಆ ನೌಕರಿಗೆ ಎರಡೂ ಕಿವಿ ಚಲೋ ಇರಬೇಕು ಅನ್ನೂದು ಆಕಿಗೂ ಗೊತ್ತಿತ್ತು, ಮಾಸ್ತರಿಗೂ ಗೊತ್ತಿತ್ತು.

ಡಾಕ್ಟರು ಬರಕೊಟ್ರು: ಎಡಗಿವಿ ಪರದಾ ಹರದೈತಿ, ಅರ್ಧಕ್ಕಿಂತ ಹೆಚ್ಚು ಕೇಳಸೂದಿಲ್ಲ, ಆದ್ರ ಪೂರ್ತಿ ಹೋಗಿಲ್ಲ.

ಆ 'ಪೂರ್ತಿ ಹೋಗಿಲ್ಲ' ಅನ್ನೂದು ಮುಂದ ಎಷ್ಟು ಕಾಡಿತು ಅಂತೀರಿ! ಕೇಸು ಧಾರವಾಡದ ಕೋರ್ಟಿಗೆ ಬಂದ ಮ್ಯಾಲ ಸರ್ಕಾರಿ ವಕೀಲರು ಸೌಮ್ಯಾ ಮೇಡಂ ಗೌಸಸಾಬನ್ನ ಕರಿಸಿದ್ರು. ಅಂವಗ ಕೋರ್ಟು ಅಂದ್ರ ಎದಿ ಡವಡವ, ಅದಕ್ಕ ಮಾಸ್ತರನ್ನೂ ಜೋಡಿ ಕರಕೊಂಡು ಹೋದ. ಮೇಡಂ ಸಣ್ಣ ವಯಸ್ಸಿನವರು, ಮಾತು ಖಡಕ್ಕು.

"ಕಿವಿ ಪೂರ್ತಿ ಹೋಗಿದ್ರ ದೊಡ್ಡ ಗಾಯದ ಕಲಮು ಹಾಕಬಹುದಿತ್ತು. ಈಗ ನಮ್ಮ ಕೈಯಾಗ ಇರೂದು ಮಕ್ಕಳ ರಕ್ಷಣಾ ಕಾಯ್ದೆ ಒಂದ. ಹೊಡತ ಬಿದ್ದ ದಿನ ಹುಡುಗಿಗೆ ಹದಿನೆಂಟು ತುಂಬಿರಲಿಲ್ಲಂದ್ರ ಅಮರೇಶ ಜೈಲಿಗೆ ಹೋಗ್ತಾನ. ತುಂಬಿತ್ತಂದ್ರ ಅದು ಸಾದಾ ಹೊಡತ, ದಂಡ ಕಟ್ಟಿ ಮನಿಗೆ ಹೋಗ್ತಾನ. ಹೇಳ್ರಿ, ಆಕಿ ವಯಸ್ಸೆಷ್ಟು?"

"ಹದಿನೇಳ್ರಿ ಮೇಡಂ" ಅಂದ ಗೌಸಸಾಬ. "ಮೊಹರಮ್ ಮುಗದ ಮರುದಿನ ಹುಟ್ಯಾಳ್ರಿ, ಎರಡು ಸಾವಿರದ ಎಂಟು, ಜನವರಿ. ಆಸ್ಪತ್ರಿ ಚೀಟಿ ಐತ್ರಿ."

ಮೇಡಂ ಹತ್ತನೇತ್ತೆ ಮಾರ್ಕ್ಸ್ ಕಾರ್ಡು ಟೇಬಲ್ ಮ್ಯಾಲ ಸರಿಸಿದ್ರು. "ಇದರಾಗ ಒಂದನೇ ಜೂನ್ ಎರಡು ಸಾವಿರದ ಏಳು ಐತಿ. ಹೊಡದದ್ದು ಎರಡು ಸಾವಿರದ ಇಪ್ಪತ್ತೈದು, ಜೂನ್ ನಾಕು. ಅಂದ್ರ ಹದಿನೆಂಟು ತುಂಬಿ ಮೂರು ದಿನ! ಅಮರೇಶನ ವಕೀಲರು ಇದನ್ನ ಹಿಡಕೊಂಡು ಮಕ್ಕಳ ಕಾಯ್ದೆ ತಗೀರಿ ಅಂತ ಅರ್ಜಿ ಹಾಕ್ಯಾರ. ಕಾನೂನು ಮೊದಲು ಸಾಲಿ ದಾಖಲೆ ನೋಡತೈತಿ, ಆಸ್ಪತ್ರಿ ಚೀಟಿ ಆಮ್ಯಾಲ. ಈ ಒಂದನೇ ಜೂನ್ ಯಾರ ತಲ್ಯಾಗಿಂದ ಬಂತು?"

ಗೌಸಸಾಬ ಮಾಸ್ತರ ಮಾರಿ ನೋಡಿದ. ಮಾಸ್ತರು ಮಾರ್ಕ್ಸ್ ಕಾರ್ಡ್ ನೋಡಿದ್ರು.

"ನಾನ ಬರದದ್ದು ಮೇಡಂ" ಅಂದ್ರು.

ಈಗಿನ ಹುಡುಗರಿಗೆ ಹೇಳಿದ್ರ ನಗತಾರ. ಆದ್ರ ಹಿಂದಕ ಸಾಲಿ ಮಾಸ್ತರಿಗೆಲ್ಲಾ ಗೊತ್ತಿದ್ದ ಪದ್ಧತಿ ಅದು. ಹುಟ್ಟಿದ ತಾರೀಖು ಕೇಳಿದ್ರ 'ಜ್ವಾಳಾ ಒಕ್ಕೂ ಹೊತ್ತಿನ್ಯಾಗ', 'ಉರುಸಿನ ಹಿಂದಿನ ವಾರ' ಅನ್ನೂ ಮಂದಿ. ಅವರ ಕೂಡ ಯಾರು ಜಗಳಾಡಬೇಕು? ಹುಡುಗನ್ನ ನೆಟ್ಟಗ ನಿಂದರಿಸೂದು, ಬಲಗೈ ತಲಿ ಮ್ಯಾಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನೂದು. ಬೆರಳು ಕಿವಿಗೆ ಮುಟ್ಟಿತಂದ್ರ ಆರು ವರ್ಷ ತುಂಬಿತು, ರಜಿಸ್ಟರದಾಗ ಒಂದನೇ ಜೂನ್ ಬಿತ್ತು. ಹಂಗ ನೋಡಿದ್ರ ಉಣಕಲ್ಲಿನ ಹಳೇ ಊರಾಗ ಅರ್ಧ ಮಂದಿ ಒಂದ ದಿನ ಹುಟ್ಯಾರ. ತಾರೀಖು ಬರಸಾಕ ಕಾಗದ ಕೇಳೂ ಕಾಲ ಬಂದ ಮ್ಯಾಲೂ ಗುರುಸಿದ್ದಯ್ಯ ಮಾಸ್ತರು ಕಿವಿ ಮುಟ್ಟಸೂದು ಬಿಡಲಿಲ್ಲ. "ಕಾಗದ ಸುಳ್ಳ ಹೇಳತೈತಿ, ಕೈ ಸುಳ್ಳ ಹೇಳೂದಿಲ್ಲ" ಅಂತಿದ್ರು.

ಎರಡು ಸಾವಿರದ ಹದಿಮೂರರ ಜೂನ್. ಒಂದನೇತ್ತೆಗೆ ಇಪ್ಪತ್ತು ಹುಡುಗರು ಆಗಲಿಲ್ಲಂದ್ರ ಎರಡನೇ ಮಾಸ್ತರ ಹುದ್ದೆ ಬ್ಯಾರೆ ಸಾಲಿಗೆ ಹೋಗತೈತಿ ಅಂತ ಮ್ಯಾಲಿನಿಂದ ಪತ್ರ ಬಂದಿತ್ತು. ಒಬ್ಬ ಮಾಸ್ತರು ಉಳದ ಸಾಲಿ ಇನ್ನೆಷ್ಟು ದಿನ ನಿಲ್ಲತೈತಿ? ಯಾದಿ ಕೊಡೂ ಕಡೇ ದಿನ, ಮಧ್ಯಾಹ್ನ, ರಜಿಸ್ಟರದಾಗ ಹತ್ತೊಂಬತ್ತು ಹೆಸರು. ಮಾಸ್ತರು ಊಟ ಬಿಟ್ಟು ಓಣಿ ಓಣಿ ತಿರಗಿದ್ರು. ಒಂದೂ ಹುಡುಗ ಸಿಗಲಿಲ್ಲ. ಹಿಂದಿರುಗಿ ಬರೂ ಹೊತ್ತಿಗೆ ಗ್ಯಾರೇಜಿನ ಮುಂದ ನಟ್ಟು ಬೋಲ್ಟು ಹರವಿಕೊಂಡು ಆಡೂ ಆರ್ಜೂ ಕಣ್ಣಿಗೆ ಬಿದ್ಲು.

"ಗೌಸಸಾಬ, ಮಗಳನ್ನ ಸಾಲಿಗೆ ಕಳಸು."

"ಐದ ವರ್ಷದಾಕಿ ಅದಾಳ್ರಿ ಮಾಸ್ತರ್. ಇನ್ನೂ ಹಾಲಹಲ್ಲು. ಮುಂದಿನ ವರ್ಷ ಕಳಸ್ತೇನ್ರಿ."

"ಈ ವರ್ಷನ ಬರಲಿ. ವಯಸ್ಸಿಂದು ನಾ ನೋಡಕೊಳ್ತೇನಿ, ನೀ ಚಿಂತಿ ಬಿಡು."

ಹುಡುಗೀನ ನಿಂದರಿಸಿದ್ರು. ಆಕಿ ಬಲಗೈ ತಲಿ ಮ್ಯಾಲ ಹಾಕಿ ಎಷ್ಟು ತುದಿಗಾಲಲೆ ನಿಂತ್ರೂ ಬೆರಳು ಕಿವಿಗಿಂತ ಎರಡು ಬೆರಳು ಮ್ಯಾಲ ನಿಂತಿತು. ತುದಿಗಾಲಿಗೂ ಕಿವಿಗೂ ಏನು ಸಂಬಂಧ, ಆ ಕೂಸಿಗೆ ಏನು ಗೊತ್ತು. ಮಾಸ್ತರು ಮೆಲ್ಲಕ ಮೊಣಕೈ ಹಿಡದು ಕೆಳಗ ದೂಡಿದ್ರು. ಬೆರಳು ಕಿವಿಗೆ ಮುಟ್ಟಿತು. "ಮುಟ್ಟಿತು!" ಅಂತ ಹುಡುಗಿ ಕುಣದಾಡಿದ್ಲು. ರಜಿಸ್ಟರದಾಗ ಇಪ್ಪತ್ತನೇ ಹೆಸರು ಬಿತ್ತು.

ಗೌಸಸಾಬ ಅದನ್ನ ಉಪಕಾರ ಅಂತ ತಿಳದ. ಅಲ್ಲಿಂದ ಮುಂದ ಪ್ರತಿ ರಮಜಾನಿಗೆ ಮಾಸ್ತರ ಮನಿಗೆ ಹಾಲು ಶಾವಿಗಿ ಸುರಕುಂಬಾದ ಡಬ್ಬಿ ಬರತಿತ್ತು. ಮಾಸ್ತರೂ ಬರಬರತಾ ಹಂಗ ತಿಳದ್ರು. ನಾಕ ಮಂದಿ ಕೂಡಿದಲ್ಲೆ, "ಗೌಸ್ಯಾನ ಮಗಳಿಗೆ ದಾರಿ ಹಾಕಿ ಕೊಟ್ಟಾಂವ ನಾನ" ಅಂತಿದ್ರು. ಹೇಳಿ ಹೇಳಿ ಅದ ಖರೇ ಆಗಿ ಕುಂತಿತ್ತು.

"ನೀವು ಕೋರ್ಟಿಗೆ ಬಂದು, ಒಂದು ವರ್ಷ ಹೆಚ್ಚು ಬರದೇನಿ ಅಂತ ಹೇಳಬೇಕಾಕ್ಕೈತಿ" ಅಂದ್ರು ಸೌಮ್ಯಾ ಮೇಡಂ. "ಬರದವರ ಬಾಯಿಲೆ ಬಂದ್ರ ಜಜ್ಜರು ಆಸ್ಪತ್ರಿ ಚೀಟಿ ನೋಡಾಕ ಒಪ್ಪಬಹುದು. ಬ್ಯಾರೆ ದಾರಿ ಇಲ್ಲ."

"ಬರ್ತೇನ್ರಿ. ಹೇಳ್ತೇನ್ರಿ" ಅಂದ್ರು ಮಾಸ್ತರು. ಇಪ್ಪತ್ತರ ಮಾತು ಮಾತ್ರ ಹೇಳಲಿಲ್ಲ. ಅದು ಈಗ ಯಾಕ ಬೇಕು, ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ತಮಗ ತಾವ ಹೇಳಿಕೊಂಡ್ರು.

ಸಾಕ್ಷಿ ದಿನ ಇಸ್ತ್ರಿ ಮಾಡಿದ ಧೋತರ, ಬಿಳೇ ಅಂಗಿ, ಹೆಗಲಿಗೆ ಶಲ್ಲೆ. ಗೌಸಸಾಬನ ಸಾಕ್ಷಿ ಹಿಂದಿನ ವಾರನ ಮುಗದಿತ್ತು, ಆವತ್ತು ಅಂವಾ ಗ್ಯಾರೇಜು ಬಿಟ್ಟು ಬಂದಿರಲಿಲ್ಲ. ಕೋರ್ಟಿನ ಬಾಗಲದಾಗ ಹೆಸರು ಕೂಗೂ ಜವಾನ ದ್ಯಾಮಣ್ಣ ಮಾಸ್ತರನ್ನ ಕಂಡಾಂವನ ಬಗ್ಗಿ ಕಾಲು ಮುಟ್ಟಿದ. "ನಮ್ಮ ಮಾಸ್ತರ್ರಿ ಇವರು. ಮೂವತ್ನಾಕು ವರ್ಷ ರಜಿಸ್ಟರದಾಗ ಒಂದು ಅಕ್ಷರ ಹೊಡದು ತಿದ್ದಿದವರಲ್ಲ" ಅಂತ ಬಾಜೂಕಿದ್ದ ನಾಕ ವಕೀಲರಿಗೆ ಕೇಳೂ ಹಂಗ ಹೇಳಿದ. ಮಾಸ್ತರ ಎದಿ ಒಂದು ಗೇಣು ಉಬ್ಬಿತು. ಅಲ್ಲೇ ಎಡವಟ್ಟಾತು ನೋಡ್ರಿ.

ಮೊದಲು ಸೌಮ್ಯಾ ಮೇಡಂ ಕೇಳಿದ್ರು. ಮಾಸ್ತರು ನೆಟ್ಟಗ ಹೇಳಿದ್ರು: ಹೌದು ಇದು ನನ್ನ ಅಕ್ಷರ, ಹುಡುಗಿಗೆ ಆಗ ಐದ ವರ್ಷ ಇತ್ತು, ನಾ ಆರು ಅಂತ ಬರದೆ, ಕೈ ಮುಟ್ಟಲಿಲ್ಲ, ನಾನ ದೂಡಿದೆ. ಜಜ್ಜರು ಕನ್ನಡಕ ಸರಿ ಮಾಡಿಕೊಂಡು ಒಮ್ಮೆ ಮಾಸ್ತರನ್ನ ನೋಡಿದ್ರು. ಮೇಡಂ ಮಾರ್ಯಾಗ ಒಂದು ನಮೂನಿ ಬೆಳಕು ಬಂತು.

ಆಮ್ಯಾಲ ಅಮರೇಶನ ವಕೀಲ ಮಿಲಿಂದ ಎದ್ದ. ನಕ್ಕೋತನ ಎದ್ದ.

"ಅಜ್ಜಾರ, ಆ ವರ್ಷ ಒಂದನೇತ್ತೆಗೆ ಎಷ್ಟು ಹುಡುಗರು?"

"ಇಪ್ಪತ್ತು."

"ಇಪ್ಪತ್ತನೇ ಹೆಸರು ಯಾರದು?"

"ಆರ್ಜೂಂದು."

"ಹತ್ತೊಂಬತ್ತ ಆಗಿದ್ರ ನಿಮ್ಮ ಸಾಲ್ಯಾಗಿನ ಒಂದು ಹುದ್ದೆ ಹೋಗತಿತ್ತು, ಹೌದಲ್ಲ? ಪತ್ರ ನನ್ನ ಕೈಯಾಗ ಐತಿ." ಮಿಲಿಂದ ಕಾಗದ ಎತ್ತಿ ತೋರಿಸಿದ. "ಅಂದ್ರ ಹುದ್ದೆ ಉಳಿಸಾಕ ನೀವು ಸರ್ಕಾರಕ್ಕ ಮೋಸ ಮಾಡಿದ್ರಿ. ಸುಳ್ಳ ಹುಡುಗಿ ತೋರಿಸಿ ಪಗಾರ ತಗೊಂಡ್ರಿ. ಹಂಗೇನು?"

ಮೋಸ! ಆ ಒಂದು ಮಾತು ಮಾಸ್ತರ ಮಾರಿಗೆ ರಪ್ಪಂತ ಬಡೀತು. ಬಾಗಲದಾಗ ದ್ಯಾಮಣ್ಣ ಬಾಯಿ ತೆರಕೊಂಡು ನೋಡಾಕತ್ತಿದ್ದ. ಹಿಂದಿನ ಬೆಂಚಿನ್ಯಾಗ ಯಾರೋ ಕಿಸಕ್ಕಂದ್ರು. ಮೂವತ್ನಾಕು ವರ್ಷದ ಹೆಸರು, ಪಿಂಚಣಿ, ಊರಾಗಿನ ಮಾನ, ಎಲ್ಲಾ ಆ ಕಟಕಟಿ ಕಟ್ಟಿಗಿ ಮ್ಯಾಲ ನಿಂತಂಗಾತು.

"ಇಲ್ಲ, ಇಲ್ಲರಿ! ಹಂಗಲ್ಲರಿ" ಅಂದ್ರು. "ಅವರ... ಅವರಪ್ಪನ ಬಂದು ಕೇಳಿಕೊಂಡ. ಮಗಳನ್ನ ಈ ವರ್ಷನ ತಗೋರಿ ಅಂತ ಕೈ ಮುಗದ. ಕನಿಕರಕ್ಕ ಬರದೆ."

"ತಂದಿ ಬಂದು, ವಯಸ್ಸು ಹೆಚ್ಚು ಬರೀರಿ ಅಂತ ಬೇಡಿಕೊಂಡ?"

"ಹೌದ್ರಿ."

ಟೈಪ್ ಮಾಡೂ ಹೆಣ್ಣಮಗಳು ಟಕಟಕ ಬಡದ್ಲು. ಮಿಲಿಂದ ಇನ್ನೊಂದು ಪ್ರಶ್ನಾ ಕೇಳದನ ಕುಂತುಬಿಟ್ಟ. ಕುಂಡ್ರೂವಾಗ ಅಮರೇಶನ ಕಡೆ ನೋಡಿ ತಲಿ ಅಲುಗಿಸಿದ.

ಸೌಮ್ಯಾ ಮೇಡಂ ಮಾರಿ ಬೆಳ್ಳಗಾಗಿತ್ತು. ಮತ್ತ ಎದ್ದು ನಿಂತ್ರು. "ಮಾಸ್ತರ, ನೆನಪು ಮಾಡಿಕೊಂಡು ಹೇಳ್ರಿ. ತಂದಿ ಕೇಳಿದ್ದು ಖರೇನ? ನನ್ನ ಮುಂದ ನೀವು ಹಂಗ ಹೇಳಿರಲಿಲ್ಲ."

ಅಯ್ಯ, ದೇವರು ಎರಡನೇ ಸಲ ಬಾಗಲಾ ತಗದಿದ್ದ. ಒಂದ ಮಾತು, 'ಇಲ್ಲ' ಅಂದಿದ್ರ ಮುಗೀತಿತ್ತು. ಮಾಸ್ತರು ಬಾಗಲದ ಕಡೆ ನೋಡಿದ್ರು. ದ್ಯಾಮಣ್ಣ ಈಗ ಸಮಾಧಾನ ಆದಂಗ ಗೋಣು ಹಾಕಾಕತ್ತಿದ್ದ, ನಮ್ಮ ಮಾಸ್ತರು ಅಂಥವರಲ್ಲ ಅನ್ನೂ ಹಂಗ.

"ಖರೇನರಿ. ಅಂವನ ಕೇಳಿದ" ಅಂದ್ರು.

ಮನಿಗೆ ಬಂದು ಹೆಂಡತಿ ಮುಂದ ಎಲ್ಲಾ ಹೇಳಿದ್ರು, ಸ್ವಲ್ಪ ಉಪ್ಪು ಖಾರ ಹಚ್ಚಿನ ಹೇಳಿದ್ರು. ಮುರಿಗೆವ್ವ ರೊಟ್ಟಿ ಬಡಿಯೂ ಕೈ ನಿಂದರಿಸಿದ್ಲು.

"ಗೌಸಸಾಬ ಕೇಳಿದ ಅಂದ್ರಿ? ಆವತ್ತು ಮುಚ್ಚಿಟ್ಟ ಬುತ್ತಿ ಮುಟ್ಟದ ಹಂಗ ಮನಿಗೆ ತಂದಿದ್ರಿ. ಇಪ್ಪತ್ತನೇದಾಕಿನ್ನ ನಾನ ಹಿಡಕೊಂಡು ಬಂದೆ ಅಂತ ನನ್ನ ಮುಂದ ಕುಣದಾಡಿದ್ರಿ."

"ಕೋರ್ಟಿನ್ಯಾಗ ಹಂಗ ಹೇಳಬೇಕಾಕ್ಕೈತಿ, ನಿನಗೇನು ತಿಳೀತೈತಿ! ವಯಸ್ಸು ಕಡಿಮಿ ಐತಿ ಅಂತ ಹೇಳೇನಲ್ಲ, ಅಷ್ಟು ಸಾಕು. ಯಾರು ಕೇಳಿದ್ರು ಅನ್ನೂದರಿಂದ ಏನಾಕ್ಕೈತಿ?"

"ಏನಾಕ್ಕೈತೋ ನನಗ ಗೊತ್ತಿಲ್ಲ" ಅಂದ್ಲು ಮುರಿಗೆವ್ವ. "ಆದ್ರ ಅಂವ ಕೊಟ್ಟ ಸುರಕುಂಬಾ ಹನ್ನೆರಡು ವರ್ಷ ಕುಡದೀರಿ. ನಾಚಿಗಿ ಬರಬೇಕು."

ಮಾಸ್ತರು ಸಿಟ್ಟಿಗೆದ್ದು ಊಟ ಬಿಟ್ರು. ಸಿಟ್ಟು ಯಾರ ಮ್ಯಾಲ ಅಂತ ಅವರಿಗ ಗೊತ್ತಾಗಲಿಲ್ಲ. ರಾತ್ರಿ ಜೋಳದ ರೊಟ್ಟಿ ಮುಚ್ಚಿಟ್ಟಂಗ ಇತ್ತು.

ಆದೇಶದ ದಿನ ಎಲ್ಲಾರೂ ಬಂದಿದ್ರು. ಗೌಸಸಾಬ ಈದಿಗೆ ಹಾಕೂ ಬಿಳೇ ಜುಬ್ಬಾ ಹಾಕಿದ್ದ. ಆರ್ಜೂ ಬಲಗಿವಿ ಜಜ್ಜರ ಕಡೆ ಬರೂ ಹಂಗ ಓರೆಯಾಗಿ ಕುಂತಿದ್ಲು. ಮಾಸ್ತರು ಆಕಿ ಹಿಂದ. ಇವತ್ತು ಹುಡುಗಿಗೆ ನ್ಯಾಯ ಸಿಗತೈತಿ, ನಮ್ಮ ಸಾಕ್ಷಿಲೆ ಸಿಗತೈತಿ ಅಂತ ಅವರ ಮನಸ್ಸಿನ್ಯಾಗ ಇನ್ನೂ ಇತ್ತು, ನೋಡ್ರಿ!

ಜಜ್ಜರು ಓದಿದ್ರು. ದಾಖಲೆ, ಕಲಮು, ಹಿಂದಿನ ತೀರ್ಪು ಅಂತ ಬಹಳ ಹೊತ್ತು ಓದಿದ್ರು. ಆಮ್ಯಾಲ ಬಂತು ಆ ಮಾತು.

"ಶಾಲೆಯ ದಾಖಲೆಯನ್ನು ಬರೆದ ಮುಖ್ಯೋಪಾಧ್ಯಾಯರೇ ಸಾಕ್ಷಿ ನುಡಿದಿದ್ದಾರೆ. ಬಾಲಕಿಯ ತಂದೆಯೇ ಬಂದು, ಹೆಚ್ಚಿನ ವಯಸ್ಸು ನಮೂದಿಸುವಂತೆ ಬೇಡಿಕೊಂಡನೆಂದು ಅವರು ಎರಡು ಬಾರಿ ಹೇಳಿದ್ದಾರೆ. ಸುಳ್ಳು ವಯಸ್ಸು ಬರೆಸಿ ಅದರ ಲಾಭ ಪಡೆದ ತಂದೆ, ಇಂದು ತನಗೆ ಅನುಕೂಲವಾಗುತ್ತದೆ ಎಂದು ಅದೇ ವಯಸ್ಸನ್ನು ಸುಳ್ಳೆಂದು ಹೇಳಲು ಈ ನ್ಯಾಯಾಲಯ ಅವಕಾಶ ಕೊಡಲಾರದು. ಘಟನೆಯ ದಿನ ವಿದ್ಯಾರ್ಥಿನಿಗೆ ಹದಿನೆಂಟು ವರ್ಷ ಮೂರು ದಿನ ತುಂಬಿತ್ತು. ಮಕ್ಕಳ ಕಾಯ್ದೆ ಅನ್ವಯಿಸುವುದಿಲ್ಲ."

ಮಾಸ್ತರ ಕಿವ್ಯಾಗ ಗುಂಯ್ ಅಂತು. ಏನು ಓದಿದ್ರು ಇವರು? ಯಾರ ಸಾಕ್ಷಿಲೆ? ಕಾಲೇಜಿನವರು ಒಬ್ಬರಿಗೊಬ್ಬರು ಕೈ ಕೊಡಾಕತ್ತಿದ್ರು. ಅಮರೇಶ ಹೊಡದ ಕೈಲೆನ ಮಿಲಿಂದನ ಕೈ ಕುಲಕಾಕತ್ತಿದ್ದ.

ಗೌಸಸಾಬ ಮೆಲ್ಲಕ ಹಿಂದ ತಿರಗಿದ. ಅಂವನ ಕಣ್ಣಾಗ ಸಿಟ್ಟು ಇದ್ದಿದ್ರ ಮಾಸ್ತರು ತಡಕೊಳ್ತಿದ್ರೋ ಏನೋ. ಸಿಟ್ಟು ಇರಲಿಲ್ಲ, ಏನೂ ತಿಳೀದ ಕೂಸಿನ ಕಣ್ಣಿದ್ದಂಗ ಇತ್ತು.

"ನಾ ಯಾವಾಗ ಕೈ ಮುಗದ್ನಿ ಮಾಸ್ತರ್?" ಅಂತ ಕೇಳಿದ.

ಮಾಸ್ತರು ಎದ್ದು ನಿಂತ್ರು. ಶಲ್ಲೆ ಜಾರಿ ಬಿತ್ತು. "ಸ್ವಾಮಿ!" ಅಂತ ಜಜ್ಜರಿಗೆ ಕೂಗಿದ್ರು. "ನಾ ಸುಳ್ಳ ಹೇಳೇನ್ರಿ! ಅಂವಾ ಕೇಳಿಲ್ಲ, ನಾನ ಹೋಗಿ ಕರಕೊಂಡು ಬಂದೇನಿ! ಬರಕೋರಿ ಸ್ವಾಮಿ!"

"ಕುಳಿತುಕೊಳ್ಳಿ. ನಿಮ್ಮ ಸಾಕ್ಷ್ಯ ಮುಗಿದಿದೆ" ಅಂದ್ರು ಜಜ್ಜರು, ಮುಂದಿನ ಫೈಲು ತಗೊಂಡ್ರು. ದ್ಯಾಮಣ್ಣ ಬಂದು ಮಾಸ್ತರ ರಟ್ಟಿ ಹಿಡಕೊಂಡು ಹೊರಗ ಕರಕೊಂಡು ಬಂದ. ಈ ಸಲ ಕಾಲು ಮುಟ್ಟಲಿಲ್ಲ. ಮಾರಿ ಎತ್ತಿ ನೋಡಲೂ ಇಲ್ಲ.

ವರಾಂಡಾದಾಗ ಸೌಮ್ಯಾ ಮೇಡಂ ನಿಂತಿದ್ರು. ಮಾಸ್ತರು ಕೈ ಜೋಡಿಸಿ ಇಪ್ಪತ್ತರ ಮಾತು, ಊಟ ಬಿಟ್ಟ ಮಾತು, ಎಲ್ಲಾ ಹೇಳಿದ್ರು. "ಈಗ ಬರಕೊಡ್ತೇನಿ ಮೇಡಂ. ಸಹಿ ಮಾಡ್ತೇನಿ. ನನ್ನ ಜೈಲಿಗೆ ಹಾಕಲಿ."

"ಹಾಕಬಹುದು, ಸುಳ್ಳ ಸಾಕ್ಷಿ ಅಂತ" ಅಂದ್ರು ಮೇಡಂ. ದನಿಯಾಗ ದಯಾ ಇರಲಿಲ್ಲ. "ಆದ್ರ ಒಮ್ಮೆ ರಜಿಸ್ಟರದಾಗ ಒಂದು ಬರದ್ರಿ, ಒಮ್ಮೆ ಕಟಕಟ್ಯಾಗ ಒಂದು ಹೇಳಿದ್ರಿ. ಮೂರನೇದ್ದನ್ನ ಯಾರು ನಂಬತಾರ? ನಾ ಹೈಕೋರ್ಟಿಗೆ ಹೋಗ್ರಿ ಅಂತ ಮ್ಯಾಲಿನವರಿಗೆ ಬರೀತೇನಿ, ನೀವೂ ಬರಕೊಡ್ರಿ. ಆಗತೈತಿ ಅಂತ ಮಾತು ಮಾತ್ರ ಕೊಡೂದಿಲ್ಲ. ಅದಿರಲಿ, ಮೊದಲು ಹುಡುಗಿಗೆ ಹೇಳ್ರಿ. ಅವರಪ್ಪನ್ನ ಹೆಂಗ ನೋಡಿದ್ಲು, ನೋಡಿದ್ರಿಲ್ಲೊ?"

ಮಾಸ್ತರು ನೋಡಿರಲಿಲ್ಲ.

ಎರಡು ದಿನ ಮನಿಬಿಟ್ಟು ಹೊರಬೀಳಾಕ ಆಗಲಿಲ್ಲ. ಅಷ್ಟರಾಗ ಅಮರೇಶ ದಂಡ ಕಟ್ಟಿ, ಕಾಲೇಜಿನ್ಯಾಗ ಹಾರ ಹಾಕಿಸಿಕೊಂಡ ಸುದ್ದಿ ಬಂತು. ಮೂರನೇ ದಿನ ಮುಂಜಾನೆ ಮುರಿಗೆವ್ವ ಶಹಜಹಾನಬೇಗಂನ್ನ ಮಾತಾಡಿಸಿ ಬಂದ್ಲು. ಬಂದಾಕಿನ ಚಪ್ಪಲಿ ಬಿಡೂದರಾಗ ಸುರು ಮಾಡಿದ್ಲು.

"ಹುಡುಗಿ ಅಪ್ಪನ ಕೂಡ ಮಾತ ಬಿಟ್ಟಾಳಂತ. ನೀನ ನನ್ನ ವಯಸ್ಸು ಸುಳ್ಳ ಬರಸಿದಿ, ನಿನ್ನಿಂದನ ಕೇಸು ಹೋತು ಅಂತ ಅಂದ್ಲಂತ. ಅಂವಾ ಕುರಾನ್ ಮ್ಯಾಲ ಕೈ ಇಟ್ಟು, ನಾ ಕೇಳಿಲ್ಲವಾ ಅಂದನಂತ. ಅದಕ್ಕ ಆಕಿ ಏನಂದ್ಲು ಗೊತ್ತೈತೇನು? 'ನಮ್ಮ ಸರ್ ಸುಳ್ಳ ಹೇಳ್ತಾರೇನು?' ಅಂದ್ಲಂತ!"

ಮಾಸ್ತರು ಇದ್ದ ಬನೀನಿನ ಮ್ಯಾಲ ಶಲ್ಲೆ ಹೊದ್ದು ಹೊಂಟ್ರು. ವಿಭೂತಿ ಹಚಗೊಳ್ಳೂದೂ ಮರತಿದ್ರು.

ಗ್ಯಾರೇಜಿನ್ಯಾಗ ಒಂದು ಆಟೋ ಬಿಚ್ಚಿ ಹಾಕಿದ್ರು. ಇಂಜಿನ್ ಚಾಲೂ ಇತ್ತು. ಆರ್ಜೂ ಕುಕ್ಕರಗಾಲಿಲೆ ಕುಂತು ಸ್ಕ್ರೂಡ್ರೈವರಿನ ಹಿಡಿಕಿ ಬಲಗಿವಿಗೆ ಹಚ್ಚಿದ್ಲು. ಆ ಕಿವಿಗೆ ರೂಢಿ ಇಲ್ಲ, ಕುತ್ತಿಗಿ ಡೊಂಕು ಮಾಡಿ ಒದ್ದಾಡಾಕತ್ತಿದ್ಲು. ಒಮ್ಮೆ ಇಟ್ಲು, ತಗದ್ಲು, ಮತ್ತ ಇಟ್ಲು. ಆಚಿ ಮೂಲ್ಯಾಗ ಗೌಸಸಾಬ ಆಕಿಗೆ ಬೆನ್ನ ಮಾಡಿಕೊಂಡು ಟೈರು ಬಿಚ್ಚಾಕತ್ತಿದ್ದ. ಮಾಸ್ತರನ್ನ ಕಂಡು ಎದ್ದ. ಬಾಯಿ ತುಂಬ ಬೈತಾನ ಅಂತ ಮಾಸ್ತರು ಕಾದ್ರು. ಅಂವಾ ಸ್ಟೂಲಿನ ಮ್ಯಾಗಿನ ಗ್ರೀಸು ಅರಬಿಲೆ ಒರಸಿ ಮುಂದ ಇಟ್ಟ. "ಕುಂಡ್ರಿ ಮಾಸ್ತರ್" ಅಂದ.

ಮಾಸ್ತರಿಗೆ ಕುಂಡ್ರಾಕ ಆಗಲಿಲ್ಲ. ನೆಟ್ಟಗ ಹುಡುಗಿ ಹಂತ್ಯಾಕ ಹೋಗಿ, ಎಡಕ್ಕ ನಿಂತು, ನಿಂತಲ್ಲೆ ಎಲ್ಲಾ ಹೇಳಿದ್ರು. ಹತ್ತೊಂಬತ್ತು ಹುಡುಗರಿದ್ದದ್ದು, ಹುದ್ದೆ ಹೋಗೂದಿದ್ದದ್ದು, ಅವರಪ್ಪ ಬ್ಯಾಡ ಅಂದದ್ದು, ಮೊಣಕೈ ದೂಡಿದ್ದು, ಕೋರ್ಟಿನ್ಯಾಗ ಮಾನಕ್ಕ ಅಂಜಿ ಅಂವನ ತಲಿಗೆ ಕಟ್ಟಿದ್ದು. ಹೇಳೂದರಾಗ ಕಣ್ಣಾಗ ನೀರು ಬಂದು ಆಕಿ ಕಾಣದಂಗಾದ್ಲು. "ನಿಮ್ಮಪ್ಪಂದು ಒಂದು ಕಾಳಿನಷ್ಟೂ ತಪ್ಪಿಲ್ಲವಾ. ನಿನ್ನ ಕೇಸು ನಾ ಕಳದೆ. ನಾನ ಕಳದೆ" ಅಂದ್ರು.

ಹುಡುಗಿ ತಲಿ ಎತ್ತಲಿಲ್ಲ. ಇಂಜಿನ್ ಬಡಕೋತ ಇತ್ತು. ಮಾಸ್ತರು ನಿಂತ ನಿಂತು ಕಾದ್ರು. ಇಷ್ಟು ಸಿಟ್ಟು ಇರೂದ ಬೇಕು, ಇರಲಿ ಅಂದುಕೊಂಡ್ರು. ಗೌಸಸಾಬ ಮಾತ್ರ ಕೈಯಾಗಿನ ಅರಬಿ ಹಂಗ ಹಿಡಕೊಂಡು ಗ್ವಾಡಿಗೆ ಒರಗಿ ನಿಂತಿದ್ದ, ಅಂವ ಎಲ್ಲಾ ಕೇಳಿದ್ದ.

ಆರ್ಜೂ ಇಂಜಿನ್ ಬಂದ್ ಮಾಡಿ ಏಳೂವಾಗ ಮಾಸ್ತರ ಕಾಲು ಕಂಡು ಬೆಚ್ಚಿಬಿದ್ಲು.

"ಅಯ್ಯ ಸರ್, ಯಾವಾಗ ಬಂದ್ರಿ? ಏನರ ಅಂದ್ರೇನು? ಆ ಕಡೆಯಿಂದ ಅಂದ್ರ ನನಗ ಕೇಳಸೂದಿಲ್ರಿ. ಈ ಕಡೆ ಬರ್ರಿ."

ಮಾಸ್ತರು ಗೌಸಸಾಬನ ಕಡೆ ನೋಡಿದ್ರು.

"ಹೇಳ್ರಿ ಮಾಸ್ತರ್" ಅಂದ ಗೌಸಸಾಬ. "ಆಕಿಗೂ ಹೇಳ್ರಿ."

ಗುರುಸಿದ್ದಯ್ಯ ಮಾಸ್ತರು ಆಟೋ ಸುತ್ತು ಹಾಕಿ ಆಕಿ ಬಲಕ್ಕ ಬಂದು ನಿಂತ್ರು. "ಆ ವರ್ಷ ನಮ್ಮ ಸಾಲ್ಯಾಗ ಹತ್ತೊಂಬತ್ತ ಹುಡುಗರಿದ್ರವಾ" ಅಂತ ಮೊದಲಿನಿಂದ ಸುರು ಮಾಡಿದ್ರು.